ಒಂದಕ್ಷರದ ಬೀಗ

ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ನಮ್ಮ ಮನೆಯವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಅಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮೊನ್ನೆ ಗದಗಿನ ಕಡೆಯ ಯಾತ್ರಿಕರು ನಮ್ಮಲ್ಲಿ ಕೂತು ಚಹಾ ಕುಡಿಯುವಾಗ ಮೊಮ್ಮಗಳು ಅಪರ್ಣಾ ಅವರ ಮುಂದೆ, "ಒಂದ್ಸಲ ಇದರಾಗ ವೈರಸ್ ಬಂದಿತ್ತು, ನಾನೇ ಠೀಕ್ ಮಾಡಿದೆ" ಎಂದು ಜಂಬ ಕೊಚ್ಚುತ್ತಿದ್ದಳು. ಒಳಗೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ನನಗೆ ನಗು ಬಂತು. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಸೊಪ್ಪು ಬಿಡಿಸುವುದು ಹೇಗೂ ಕೈಯ ಕೆಲಸ, ಬಾಯಿ ಖಾಲಿ ಇರುತ್ತದೆ. ನಡೆದದ್ದನ್ನು ನಿಮಗೆ ಹೇಳುತ್ತೇನೆ.

ನಾನು ಓದಿದ್ದು ಮೂರನೆಯ ಇಯತ್ತೆ. ಬಾದಾಮಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಕಾಶಿಗೆ ಬಂದೆ. ದಶಾಶ್ವಮೇಧದಲ್ಲಿ ನಮ್ಮ ಕಡೆಯ ಯಾತ್ರಿಕರಿಗೆ ಪೌರೋಹಿತ್ಯ ಮಾಡುವ ಮನೆ. ಮೊದಲು ಮಾವನವರು, ಆಮೇಲೆ ಯಜಮಾನರು, ಈಗ ಮಗ ಗುರುರಾಜ. ಮಗ ಇಲ್ಲೇ ಹುಟ್ಟಿ ನಾಗರಿ ಲಿಪಿಯಲ್ಲಿ ವೇದ ಕಲಿತವನು. ಕನ್ನಡ ಮಾತಾಡುತ್ತಾನೆ, ಓದು ಎಂದರೆ ಕನ್ನಡಕ ಹುಡುಕುತ್ತಾನೆ, ಕನ್ನಡಕ ಮೂಗಿನ ಮೇಲೇ ಇರುತ್ತದೆ. ಮೊಮ್ಮಗಳಂತೂ ನನ್ನನ್ನು ಕರೆಯುವುದೇ 'ದಾದಿ' ಎಂದು. ಕನ್ನಡದಲ್ಲಿ ದಾದಿ ಎಂದರೆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವವಳು ಎಂದು ಎಷ್ಟು ಸಲ ಹೇಳಿದರೂ ಬಿಟ್ಟಿಲ್ಲ. ಇರಲಿ, ಆ ಕೆಲಸವನ್ನೂ ನಾನು ಆಗಾಗ ಮಾಡುತ್ತೇನೆ.

ಹೀಗಾಗಿ ಮನೆಯಲ್ಲಿ ವಹಿ ಓದುವವಳು ನಾನೊಬ್ಬಳೇ. ವಹಿ ಎಂದರೆ ಇಲ್ಲಿ ಅಂಗಡಿಯವರ ವಹಿಯಲ್ಲ. ನಮ್ಮಲ್ಲಿಗೆ ಬಂದುಹೋದ ಯಾತ್ರಿಕರ ಊರು, ಮನೆತನ, ಅಪ್ಪ ಅಜ್ಜ ಮುತ್ತಜ್ಜಂದಿರ ಹೆಸರು ಬರೆದಿಟ್ಟ ಉದ್ದನೆಯ ಪುಸ್ತಕ. ಯಾರ ವಹಿಯಲ್ಲಿ ಅಜ್ಜನ ಹೆಸರಿದೆಯೋ ಅವರೇ ಮೊಮ್ಮಗನಿಗೂ ಪುರೋಹಿತರು. ಹೆಸರು ತೋರಿಸಲು ಆಗದಿದ್ದರೆ ಯಾತ್ರಿಕ ಎದ್ದು ಪಕ್ಕದ ಪುರೋಹಿತರ ಛತ್ರಿಯ ಕೆಳಗೆ ಹೋಗಿ ಕೂರುತ್ತಾನೆ. ಅವನದೇನೂ ತಪ್ಪಿಲ್ಲ.

ಒಂದು ಶ್ರಾವಣದಲ್ಲಿ ಗಂಗೆ ಮೆಟ್ಟಿಲು ಹತ್ತಿ, ಘಾಟಿನ ಬಳಿ ನಾವು ಸಾಮಾನು ಇಡುವ ಕೋಣೆಗೂ ಬಂದುಹೋದಳು. ವಹಿಯ ಹಾಳೆಗಳು ಒಂದಕ್ಕೊಂದು ಅಂಟಿ ಹಸಿ ಹಪ್ಪಳದ ಅಟ್ಟಿಯ ಹಾಗಾದವು. ಆಗ ನೆರವಿಗೆ ಬಂದವರು ದೇಸಾಯರು. ಧಾರವಾಡದವರು, ರೈಲ್ವೆಯಲ್ಲಿ ನೌಕರಿ. ಭೇಲೂಪುರದಲ್ಲಿ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದರು. ಒಳ್ಳೆಯ ಮನುಷ್ಯ, ಮಾತು ಮಾತ್ರ ಜಾಸ್ತಿ. ಗಲ್ಲಿಯ ಹಸುವಿಗೆ ಏನಾದರೂ ತಿನ್ನಿಸದೆ ಬೆಳಗಿನ ಚಹಾ ಮುಟ್ಟುತ್ತಿರಲಿಲ್ಲ. ನಾನು ಅಂಟಿದ ಹಾಳೆ ಬಿಡಿಸಿ ಓದುವುದು, ಅಳಿಸಿಹೋದದ್ದನ್ನು ನೆನಪಿನಿಂದ ಹೇಳುವುದು, ಅವರು ತಮ್ಮ ಮಡಚುವ ಕಂಪ್ಯೂಟರಿನಲ್ಲಿ ಕನ್ನಡ ಒತ್ತುವುದು. ಒಂದು ಚಳಿಗಾಲ ಪೂರ್ತಿ ಹಿಡಿಯಿತು.

ಮುಗಿದ ದಿನ ನಾನು ಮಾಡಿದ ಜಾಣತನ ಕೇಳಿ. ಕೊಳೆತ ವಹಿಯನ್ನು ಅರಿವೆಯಲ್ಲಿ ಕಟ್ಟಿ ಗಂಗೆಗೆ ಬಿಟ್ಟುಬಂದೆ. ಕಂಪ್ಯೂಟರಿನಲ್ಲಿ ಇದೆಯಲ್ಲ, ಇನ್ನು ಈ ನಾತ ಯಾಕೆ ಎಂದು. ಕಾಗದದ ಮೇಲೂ ತೆಗೆಸಿಕೊಳ್ಳಿ ಎಂದು ದೇಸಾಯರು ಮಗನಿಗೆ ಹೇಳಿದ್ದರು. ಮಗ ನಾಳೆ ಎಂದ. ಕಾಶಿಯಲ್ಲಿ ನಾಳೆ ಎಂಬುದು ಬಹಳ ಉದ್ದದ ದಿನ.

ದೇಸಾಯರು ನಿವೃತ್ತರಾದರು. ಅವರ ಹೆಂಡತಿ ಸುಧಾ ಸಾಮಾನಿನ ಜೊತೆ ಮೊದಲು ಧಾರವಾಡಕ್ಕೆ ಹೋದಳು. ಹಳೆಯ ಕಂಪ್ಯೂಟರನ್ನು ನಾವೇ ಕೊಂಡುಕೊಂಡೆವು. ಮಾಲು ಸೆಕೆಂಡ್ ಹ್ಯಾಂಡು, ಆದರೆ ಅದರ ಹೊಟ್ಟೆಯಲ್ಲಿ ನಮ್ಮದೇ ಸಂಸಾರ. ದೇಸಾಯರು ಮಾತ್ರ ಊರಿಗೆ ಹೋಗುವ ಮುಂಚೆ ಸಾರನಾಥದ ಒಂದು ಧ್ಯಾನದ ಶಿಬಿರಕ್ಕೆ ಹೊರಟರು. ಹತ್ತು ದಿನ ಮೌನ. ಫೋನನ್ನು ಬಾಗಿಲಲ್ಲೇ ಇಸಿದುಕೊಳ್ಳುತ್ತಾರಂತೆ.

"ನೌಕರಿ ಪೂರ್ತಿ ರೈಲಿನ ಗದ್ದಲಾ ಕೇಳೇನಿ ಕಾಕೂ. ಹತ್ತು ದಿವ್ಸ ಸುಮ್ಮನ ಕೂಡ್ತೀನಿ" ಎಂದರು.

"ನೀವ್ ಸುಮ್ಮನ ಕೂತ್ರ ಸುಧಾಗ ತಿಳಸ್ರಿ, ಆಕೀನೂ ನೋಡ್ಲಿಕ್ಕೆ ಬರ್ತಾಳ" ಎಂದೆ.

ನಗುತ್ತ ಹೋದರು. ಪಾಸ್‌ವರ್ಡ್ ಹೇಳಲು ಅವರು ಮರೆತರು, ಕೇಳಲು ನಾವು ಮರೆತೆವು.

ಅವರು ಹೋದ ಮೂರನೆಯ ದಿನ ಬೆಳಿಗ್ಗೆ ಸವಣೂರಿನ ಬಡಿಗೇರ ಮನೆತನದವರ ಫೋನು. ನಿನ್ನೆಯೇ ರೈಲು ಹತ್ತಿದ್ದಾರೆ, ಹನ್ನೊಂದು ಜನ, ನಾಳೆ ಬೆಳಿಗ್ಗೆ ಬಂದು ಮುಟ್ಟುತ್ತಾರೆ. ಹಿರಿಯರು ಕಡ್ಡಿ ಮುರಿದಂತೆ ಹೇಳಿದರು: "ನಮ್ಮಜ್ಜನ ಹೆಸರು ಯಾರ ವಹಿಯಾಗ ಐತಿ, ಅವರ ಕೈಲೇ ಪಿಂಡ ಇಡಸ್ತೀವ್ರಿ." ಸರಿಯಾದ ಮಾತೇ. ಆ ಹೆಸರುಗಳಲ್ಲಿ ಅರ್ಧ ನನಗೆ ನೆನಪಿತ್ತು. ಅರ್ಧ ಹೆಸರಿಗೆ ಪಿಂಡ ಇಡಲು ಬರುವುದಿಲ್ಲ.

ಅಪರ್ಣಾ ಕಂಪ್ಯೂಟರ್ ತೆರೆದಳು. ಅದು ಪಾಸ್‌ವರ್ಡ್ ಕೇಳಿತು. ಮಗನ ಮುಖ ಇಳಿಯಿತು. ಒಂದು ಮನೆತನ ಕೈಬಿಟ್ಟರೆ ಸವಣೂರಿನ ಅರ್ಧ ಊರು ಅವರ ಹಿಂದೆ ಹೋಗುತ್ತದೆ. ಗುರುರಾಜರ ಹತ್ತಿರ ವಹಿಯೇ ಇಲ್ಲವಂತೆ ಎಂದು ಮಾತಾಗುತ್ತದೆ. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು, ತಿರುಗಿ ನಾಲ್ಕು ಅನ್ನಬಹುದಿತ್ತು.

ಅಪರ್ಣಾ ಧಾರವಾಡಕ್ಕೆ ಮೆಸೇಜ್ ಕಳಿಸಿದಳು. ಸುಧಾ ಇಂಗ್ಲಿಷ್ ಅಕ್ಷರದಲ್ಲಿ ಉತ್ತರ ಬರೆದಳು. ಮೊಮ್ಮಗಳು ಓದಿದಳು: "ಅವರ ಪಾಸ್‌ವರ್ಡ್ ಹಿಂದಿ ಅಂತ. ಹೇಳಿ ಹೇಳಿ ನಗ್ತಿದ್ರು. ನಂಗ ಅಷ್ಟೇ ಗೊತ್ತು."

"ಹಿಂದಿ! ಬಸ್, ಹೋ ಗಯಾ ದಾದಿ" ಎಂದು ಅಪರ್ಣಾ ಹಿಂದಿ ಎಂದು ಒತ್ತಿದಳು. ತೆರೆಯಲಿಲ್ಲ. ಮೊದಲ ಅಕ್ಷರ ದೊಡ್ಡದು ಮಾಡಿದಳು, ಎಲ್ಲವನ್ನೂ ದೊಡ್ಡದು ಮಾಡಿದಳು, ನಾಗರಿಯಲ್ಲಿ ಬರೆದಳು. ರಾಷ್ಟ್ರಭಾಷಾ ಎಂದಳು, ಮಾತೃಭಾಷಾ ಎಂದಳು. ನಾನೂ ಪಕ್ಕದಲ್ಲಿ ಕೂತು, ಕಾಶಿಯಲ್ಲಿದ್ದವರು ಹಿಂದಿ ಎಂದೇ ಇಡುತ್ತಾರೆ, ಅದರಲ್ಲೇನು ಎಂದು ತಲೆಯಾಡಿಸಿದೆ. ನನ್ನ ಮೂರನೆಯ ಇಯತ್ತೆ ಆಗ ಎಲ್ಲಿ ಹೋಗಿತ್ತೋ.

ತಿರುವಿನಲ್ಲಿರುವ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆವು. "ಫಾರ್ಮ್ಯಾಟ್ ಮಾರ್ ದೇತೇ ಹೈಂ ಮಾತಾಜಿ, ಏಕ್‌ದಮ್ ನಯಾ ಹೋ ಜಾಯೇಗಾ" ಎಂದ ಅಂಗಡಿಯವನು.

ಒಳಗಿರುವುದು ಏನಾಗುತ್ತದೆ ಎಂದು ಕೇಳಿದೆ.

"ವೋ ತೋ ಗಯಾ" ಎಂದ.

ನೆಗಡಿ ಬಂತೆಂದು ಮೂಗು ಕೊಯ್ಯುವ ವೈದ್ಯ. ಕಂಪ್ಯೂಟರನ್ನು ಬಗಲಲ್ಲಿ ಅವಚಿಕೊಂಡು ಅಪರ್ಣಾಳಿಗೆ, "ನಡಿ, ಸಾರನಾಥಕ್ಕ" ಎಂದೆ.

ಆಟೋದವನು ನಮ್ಮನ್ನು ಶಿಬಿರದ ಗೇಟಿನ ಮುಂದೆ ಇಳಿಸಿದಾಗ ಮಧ್ಯಾಹ್ನ. ಕಾವಲಿನವನು ಅಡ್ಡ ಬಂದು, "ಮಾತಾಜಿ, ಅಂದರ್ ಮೌನ ಹೈ" ಎಂದ.

"ಅವರಿಗೆ ಮೌನ. ನನಗಲ್ಲ" ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿ ಗೇಟಿನ ಸರಳು ಹಿಡಿದು ನಿಂತೆ. ಒಳಗೆ ಹತ್ತಿಪ್ಪತ್ತು ಜನ ನೆಲ ನೋಡುತ್ತ, ಏನೋ ಕಳೆದುಕೊಂಡವರ ಹಾಗೆ ನಿಧಾನವಾಗಿ ನಡೆಯುತ್ತಿದ್ದರು. ಅವರಲ್ಲಿ ನಮ್ಮ ದೇಸಾಯರು, ಶಾಲು ಹೊದ್ದುಕೊಂಡು.

"ದೇಸಾಯರ, ಕಂಪ್ಯೂಟರ್ ತೆಗೀವಲ್ದು. ಹಿಂದಿ ಅಂದ್ರ ಏನ್ರೀ? ನಾಳೆ ಸವಣೂರಿನವರು ಬರಾವ್ರಿದ್ದಾರ" ಎಂದು ಒದರಿದೆ.

ಅವರು ನಿಂತರು. ತಲೆ ಎತ್ತಲಿಲ್ಲ. ಭುಜ ಕುಲುಕಿದ್ದು ಕಂಡಿತು; ಆ ಮನುಷ್ಯ ನಗುತ್ತಿದ್ದರು. ಆಮೇಲೆ ಎರಡು ಕೈಯ ತೋರುಬೆರಳನ್ನು ತಲೆಯ ಎರಡು ಕಡೆ ಕೋಡಿನ ಹಾಗೆ ನಿಲ್ಲಿಸಿ, ದವಡೆಯನ್ನು ಅತ್ತಿತ್ತ ಆಡಿಸಿ ಮೆಲುಕು ಹಾಕಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಕೈ ಇಳಿಸಿ ಮತ್ತೆ ಸಾಧುವಿನಂತೆ ನಡೆದರು. ಸನ್ನೆಯೂ ಮಾಡಬಾರದೆಂದು ಕಾವಲಿನವನು ಗೊಣಗಿದ.

"ದಾದಿ, ಅಂಕಲ್ ತೋ ಪಾಗಲ್ ಹೋ ಗಯೇ" ಎಂದಳು ಅಪರ್ಣಾ.

ತಿರುಗಿ ಬರುವಾಗ ಆಟೋದಲ್ಲಿ ಯೋಚಿಸಿದೆ. ಕೋಡು ಎಂದರೆ ಹಸು. ಮೆಲುಕು ಎಂದರೆ ತಿನಿಸು. ದೇಸಾಯರು ಹಸುವಿಗೆ ದಿನಾ ತಿನ್ನಿಸುತ್ತಿದ್ದದ್ದು ಏನು? ಹಿಂಡಿ. ಎಣ್ಣೆ ತೆಗೆದ ಶೇಂಗಾ ಹಿಂಡಿ. ಹೊಸದಾಗಿ ಕಾಶಿಗೆ ಬಂದಾಗ ಅವರು ಅಂಗಡಿಗೆ ಹೋಗಿ, "ಭೈಯಾ, ಹಿಂಡಿ ಚಾಹಿಯೇ" ಎಂದರಂತೆ. ಇಲ್ಲಿ ಅದಕ್ಕೆ ಖಲಿ ಅನ್ನುತ್ತಾರೆ. ಅಂಗಡಿಯವನು ಸಿಟ್ಟಾಗಿ, "ಹಿಂದೀ ಹೀ ತೋ ಬೋಲ್ ರಹಾ ಹೂಂ" ಎಂದನಂತೆ, ನಾನು ಆಡುತ್ತಿರುವುದು ಹಿಂದಿಯೇ ತಾನೇ ಎಂದು. ಈ ಕಥೆಯನ್ನು ನನಗೇ ಎರಡು ಸಲ ಹೇಳಿದ್ದಾರೆ, ಎರಡು ಸಲವೂ ತಾವೇ ಮೊದಲು ನಕ್ಕಿದ್ದಾರೆ.

"ಅಪೂ, ಅದು ಹಿಂದಿ ಅಲ್ಲ. ಹಿಂಡಿ. ದನಾ ತಿನ್ನೂದು."

ಅವಳು ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡಿದಳು. "ಸ್ಪೆಲಿಂಗ್ ಒಂದೇ ಆಗ್ತದ ದಾದಿ. ಅದನ್ನ ಹಾಕೇನಿ, ಖುಲಾ ನಹೀ."

ಒಂದೇ ಹೇಗಾಗುತ್ತದೆ? ಆ ಚಳಿಗಾಲದಲ್ಲಿ ದೇಸಾಯರು ನನ್ನನ್ನು ಹೆಸರು ಹೆಸರಿಗೂ ತಡೆದು ಕೇಳುತ್ತಿದ್ದರು. "ಕಾಕೂ, ಬಾಯಿ ಬಿಟ್ಟು ಹೇಳ್ರಿ. ಮೆತ್ತನ್ನ ದ ಇದ್ರ ಸಣ್ಣ ಅಕ್ಷರಾ ಒತ್ತಬೇಕು, ಗಟ್ಟಿ ಡ ಇದ್ರ ದೊಡ್ಡದು. ತಪ್ಪಿದ್ರ ಬಡಿಗೇರ ಹೋಗಿ ಬದಿಗೇರ ಆಗ್ತಾನ." ಇಂಗ್ಲಿಷ್ ಗುಂಡಿ ಒತ್ತಿ ಕನ್ನಡ ಬರೆಸುವ ಕಟ್ಟಳೆ ಅದು. ದೇಸಾಯರ ಕೈಗೆ ಅದೇ ರೂಢಿ, ಪಾಸ್‌ವರ್ಡನ್ನೂ ಹಾಗೇ ಒತ್ತಿರಬೇಕು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ: "ಎಲ್ಲಾ ಸಣ್ಣದು ಒತ್ತು. ನಡುವಿನ ಡ ಒಂದೇ ದೊಡ್ಡದು ಒತ್ತು."

ಒತ್ತಿದಳು. ತೆರೆಯಿತು.

ಮಗ ಓಡಿಬಂದ. ಸವಣೂರಿನ ಪುಟಕ್ಕೆ ಹೋಗಿ ನಾನು ಓದಿದೆ: ಬಡಿಗೇರ ಈರಪ್ಪ, ಹೆಂಡತಿ ಕಾಳವ್ವ, ತಮ್ಮ ಮೌನೇಶ. ಆ ದಿನ ಮೌನ ನಮ್ಮನ್ನು ಬಿಡುವ ಹಾಗೇ ಇರಲಿಲ್ಲ. ಗುರುರಾಜ ಪರದೆಗೆ ಮುಖ ಹಚ್ಚಿ, ತನಗೆ ಓದಲು ಬಾರದ ಆ ಸಾಲನ್ನು ಬಹಳ ಹೊತ್ತು ನೋಡಿದ. ಆಮೇಲೆ, "ಅವ್ವಾ, ನೀ ಇಲ್ಲದಿದ್ರ ಇದನ್ನ ಓದಾವ್ರು ಯಾರು?" ಎಂದ.

"ಇದೀನಲ್ಲ. ಹೋಗಿ ಪ್ರಿಂಟ್ ತಗಸ್ಕೊಂಡು ಬಾ" ಎಂದೆ. ನಾಳೆ ಎನ್ನದೆ ಹೋದ.

ಮರುದಿನ ಬೆಳಿಗ್ಗೆ ಸವಣೂರಿನವರು ಬಂದರು. ಕಾಗದದಲ್ಲಿ ಅಜ್ಜನ ಹೆಸರಿನ ಮೇಲೆ ಬೆರಳಾಡಿಸಿ, ಮಗನ ಹಿಂದೆ ಘಾಟಿಗೆ ಹೋದರು. ನಾನು ಧೂಪದ ತಟ್ಟೆಯಿಂದ ಒಂದು ಇದ್ದಲಿ ತೆಗೆದುಕೊಂಡು, ಕಂಪ್ಯೂಟರಿನ ಮೇಲಿನ ಬಿಳಿ ಗೋಡೆಗೆ ಗೇಣುದ್ದದ ಕನ್ನಡ ಅಕ್ಷರದಲ್ಲಿ ಹಿಂಡಿ ಎಂದು ಬರೆದೆ.

ಹಲ್ಲುಜ್ಜುತ್ತಿದ್ದ ಅಪರ್ಣಾ ನೋಡಿ ಗಾಬರಿಯಾದಳು. "ದಾದಿ, ಪಾಸ್‌ವರ್ಡ್ ಯಾರರೆ ಗೋಡಿ ಮ್ಯಾಲೆ ಬರೀತಾರೇನು? ಸಬ್ ಪಢ್ ಲೇಂಗೆ."

"ಈ ಮನ್ಯಾಗ ಓದಾವ್ರು ಯಾರಿದ್ದಾರ, ಹೇಳು?"

ಅವಳು ಬಾಯಿ ತೊಳೆದು ಬಂದು ಗೋಡೆಯನ್ನು ನೋಡುತ್ತ ನಿಂತಳು. ಆಮೇಲೆ ಕೈ ಚಾಚಿದಳು. ಇದ್ದಲಿ ಕೊಟ್ಟೆ. ನನ್ನ ಅಕ್ಷರದ ಕೆಳಗೆ, ನಾಲಿಗೆ ಹೊರಗೆ ಹಾಕಿಕೊಂಡು, ನೋಡಿ ನೋಡಿ ಬರೆದಳು. ಬರೆದದ್ದು ಹಿಂದಿ ಎಂದಾಗಿತ್ತು.

ಅಳಿಸಿ ಇನ್ನೊಮ್ಮೆ ಬರಿ ಎಂದೆ.