ಆಂಟಿಯ ನಂಬರಿಗೆ ಬಂದ ಓಟಿಪಿ

ಮೊನ್ನೆ ಜಯನಗರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಹಿಡಿದು ನಿಂತಿದ್ದಾಗ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಯಾರದೋ ಗುರುತಿನ ಚೀಟಿಗೆ ಲ್ಯಾಮಿನೇಷನ್ ಆಗುತ್ತಿತ್ತು. ಆ ವಾಸನೆ ಬಂದರೆ ಇವತ್ತಿಗೂ ನನ್ನ ಅಂಗೈ ಬೆವರುತ್ತದೆ. ಹಿಂದೆಯೇ ಬ್ರೌಸಿಂಗ್ ಸೆಂಟರಿನ ಆಂಟಿಯೂ ನೆನಪಾಗುತ್ತಾರೆ...

ನಾನು ಹುಟ್ಟಾ ಪುಕ್ಕಲಿ. ರಕ್ತ ಕಂಡರೆ ಹೆದರುವವಳಲ್ಲ, ಹತ್ತು ವರ್ಷದಿಂದ ನರ್ಸ್ ಆಗಿದ್ದೇನೆ. ಆದರೆ ಕಂಪ್ಯೂಟರಿನಲ್ಲಿ ಒಂದು ಅರ್ಜಿ ತುಂಬು ಅಂದರೆ ಜೀವ ಬಾಯಿಗೆ ಬರುತ್ತದೆ. ಕೂತಲ್ಲೇ ಎಲ್ಲ ಆಗಿಬಿಡುತ್ತದೆ ಎಂದು ಜಾಹೀರಾತಿನವರು ಹೇಳುತ್ತಾರಲ್ಲ, ಅವರನ್ನು ಕರೆದು ನನ್ನ ಪಕ್ಕ ಕೂರಿಸಿಕೊಳ್ಳಬೇಕು ಅನ್ನಿಸುತ್ತದೆ.

ಆಗ ನಾವು ಹೊಸಕೆರೆಹಳ್ಳಿಯಲ್ಲಿ ಬಾಡಿಗೆಗಿದ್ದೆವು. ಬೀದಿಯ ತಿರುವಿನಲ್ಲಿ ಆಂಟಿಯ ಸೆಂಟರು. ಎರಡು ಕಂಪ್ಯೂಟರು, ಒಂದು ಝೆರಾಕ್ಸ್ ಮಷೀನು, ಲ್ಯಾಮಿನೇಷನ್ ಪೆಟ್ಟಿಗೆ, ಅಷ್ಟೇ. ಆಂಟಿ ಯಾವ ಅರ್ಜಿಯನ್ನೂ ನೇರವಾಗಿ ಕಂಪ್ಯೂಟರಿಗೆ ಹಾಕುತ್ತಿರಲಿಲ್ಲ. ಮೊದಲು ಕಾಗದದ ಮೇಲೆ ಪೆನ್ಸಿಲಿನಲ್ಲಿ ಎಲ್ಲ ಬರೆದು, ನಮ್ಮ ಕೈಲೇ ಎರಡು ಸಲ ಜೋರಾಗಿ ಓದಿಸುತ್ತಿದ್ದರು. ಬೇಸರಪಟ್ಟುಕೊಂಡರೆ ಕಣ್ಣು ಬಿಡುತ್ತಿದ್ದರು.

"ಕೆಂಪು ಚುಕ್ಕಿ ಇರೋದನ್ನ ಖಾಲಿ ಬಿಡಬಾರ್ದು ಕಣಮ್ಮ. ಮುಂದಕ್ಕೇ ಬಿಡಲ್ಲ ಅದು."

ಅದು ಅಂದರೆ ಕಂಪ್ಯೂಟರು. ಹೊಸಿಲಲ್ಲಿ ಕೂತ ಸಿಡುಕು ಅತ್ತೆಯ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಿದ್ದರು.

ನನ್ನ ನರ್ಸಿಂಗ್ ಸೀಟಿನ ಅರ್ಜಿಗೆ ಕೊನೆಯ ದಿನ. ಐದು ಗಂಟೆಗೆ ಅರ್ಜಿ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಾರೆ, ನಾಲ್ಕಾದರೂ ವೆಬ್‌ಸೈಟ್ ತೆರೆಯುತ್ತಿಲ್ಲ. ಪರದೆಯ ಮೇಲೆ ಆ ಚಕ್ರ ಸುತ್ತುತ್ತಲೇ ಇತ್ತು. ಅಂತೂ ತೆರೆಯಿತು, ಮೂರು ಪುಟ ತುಂಬಿದೆವು, ಫಟ್ ಅಂತ ಕರೆಂಟ್ ಹೋಯಿತು. ಯುಪಿಎಸ್ ಕೀಂ ಕೀಂ ಅನ್ನತೊಡಗಿತು. ಅವಸರದಲ್ಲಿ ಮುಂದಕ್ಕೊತ್ತಿದರೆ ನಿಮ್ಮ ಸಮಯ ಮುಗಿದಿದೆ, ಮೊದಲಿನಿಂದ ಶುರುಮಾಡಿ ಎಂದು ಬಂತು. ಈ ವರ್ಷ ಸೀಟು ತಪ್ಪಿದರೆ ಓದು ನಿಲ್ಲಿಸುವುದೆಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದರು.

ಆಂಟಿ ಪೆನ್ಸಿಲಿನ ಕಾಗದವನ್ನು ನನ್ನ ಕೈಗೆ ಕೊಟ್ಟು "ಓದು" ಅಂದರು. ನಾನು ಅಳುತ್ತಾ ಓದಿದೆ, ಅವರು ಟೈಪ್ ಮಾಡಿದರು. ಮೊಬೈಲ್ ನಂಬರಿನ ಜಾಗ ಬಂದಾಗ ತಮ್ಮದನ್ನೇ ಹಾಕಿಕೊಂಡರು. ನಮ್ಮ ಮನೆಗಿದ್ದದ್ದು ಒಂದೇ ಫೋನು, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಸಾಲದ್ದಕ್ಕೆ ಅಪ್ಪ ಯಾವ ಕಂಪನಿಯವರು ಆಫರ್ ಕೊಟ್ಟರೂ ಸಿಮ್ ಬದಲಿಸುತ್ತಿದ್ದರು. ನಮ್ಮ ಬೀದಿಯ ಮುಕ್ಕಾಲು ಜನರದ್ದು ಇದೇ ಕಥೆ. ಹೀಗಾಗಿ ಎಲ್ಲರ ಓಟಿಪಿಯೂ ಆಂಟಿಯ ಫೋನಿಗೇ ಬರುತ್ತಿತ್ತು. ಯಾರ ಅರ್ಜಿ ಎಲ್ಲಿ ಕಾಯುತ್ತಿದೆಯೋ ಅಂತ ಅವರು ದೇವಸ್ಥಾನದಲ್ಲೂ ಫೋನ್ ಆಫ್ ಮಾಡುತ್ತಿರಲಿಲ್ಲ.

ಓಟಿಪಿ ಬಂತು, ಹಾಕಿದರು. ಸಬ್‌ಮಿಟ್ ಒತ್ತುವ ಮುಂಚೆ ಎಡಗೈಯಿಂದ ತಮ್ಮ ಬಲ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅದೇನೋ ಅವರ ಶಾಸ್ತ್ರ ಇರಬೇಕು ಅಂದುಕೊಂಡಿದ್ದೆ. ಹತ್ತಿರದಿಂದ ನೋಡಿದರೆ ಕೈ ಗಡಗಡ ನಡುಗುತ್ತಿತ್ತು.

"ಆಂಟಿ, ನಿಮಗೂ ಭಯಾನಾ?"

"ಇಲ್ದೆ ಇರುತ್ತಾ? ನಾನು ಹತ್ತನೇ ಕ್ಲಾಸು ಕಣೆ. ನನ್ ಕೈ ತಪ್ಪಿದ್ರೆ ಹೋಗೋದು ನಿನ್ ವರ್ಷ."

ಒತ್ತಿದರು. ಪ್ರಿಂಟರಿನಿಂದ ಸ್ವೀಕೃತಿ ಚೀಟಿ ಬಂತು. ಬೇಡವೆಂದರೂ ಕೇಳದೆ ಅದಕ್ಕೆ ಲ್ಯಾಮಿನೇಷನ್ ಮಾಡಿ ಕೊಟ್ಟರು. ಬಿಸಿ ಆರದ ಆ ಹಾಳೆಯನ್ನು ಎದೆಗೆ ಒತ್ತಿಕೊಂಡು ಮನೆಗೆ ಓಡಿದ್ದೆ...

ಸೀಟು ಸಿಕ್ಕಿತು. ಓದು ಮುಗಿದ ಮೇಲೆ ನರ್ಸ್ ಅಂತ ನನ್ನ ಹೆಸರು ನೋಂದಾಯಿಸಿದ್ದೂ ಆಂಟಿಯೇ, ಆ ವೆಬ್‌ಸೈಟಿನಲ್ಲಿ ಹಾಕಿದ್ದೂ ಅವರ ನಂಬರೇ. ಮದುವೆಯಾಗಿ ಸುದ್ದಗುಂಟೆಪಾಳ್ಯಕ್ಕೆ ಬಂದೆ. ಮೊದಮೊದಲು ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ, ಆಮೇಲೆ ಅದೂ ನಿಂತಿತು. ದೂರವೇನೂ ಇರಲಿಲ್ಲ. ನನ್ನ ಸೋಮಾರಿತನ, ಅಷ್ಟೇ.

ಹೋದ ವಾರ ಆ ನೋಂದಣಿಯನ್ನು ನವೀಕರಿಸಬೇಕಾಗಿ ಬಂತು. ತಿಂಗಳ ಕೊನೆಯೊಳಗೆ ಆಗದಿದ್ದರೆ ಡ್ಯೂಟಿಗೆ ಬರಬೇಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಪಾಸ್‌ವರ್ಡ್ ನೆನಪಿಲ್ಲ. ಮರೆತಿದ್ದೇನೆ ಎಂದು ಒತ್ತಿದೆ. ನಿಮ್ಮ ಮೊಬೈಲಿಗೆ ಓಟಿಪಿ ಕಳಿಸಿದ್ದೇವೆ ಎಂದು ಬಂತು, ಕೊನೆಯ ಎರಡು ಅಂಕಿ ಆಂಟಿಯವು. ಕೆಳಗೆ ಸೆಕೆಂಡುಗಳು ಇಳಿಯತೊಡಗಿದವು. ಫೋನಿನಲ್ಲಿ ಅವರ ನಂಬರ್ ಹುಡುಕಿ ಒತ್ತಿದೆ.

"ಆಂಟಿ?" ಅಂದೆ.

"ಯಾರು ಬೇಕಿತ್ತು?" ಯಾವುದೋ ಹುಡುಗಿಯ ದನಿ.

"ಈ ನಂಬರ್ ನಮ್ ಆಂಟೀದು... ಈಗ ನಿಮಗೊಂದು ಓಟಿಪಿ ಬಂದಿರುತ್ತೆ. ದಯವಿಟ್ಟು ಅದನ್ನ ಹೇಳ್ತೀರಾ?"

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಫೋನಿನಲ್ಲಿ ಟೋಪಿ ಹಾಕುವವರು ಕೇಳುವುದೂ ಹೀಗೇ ಅಲ್ಲವೇ?

"ಹೇಳಲ್ಲ ಮೇಡಂ. ಈ ನಂಬರ್ ತಗೊಂಡು ಒಂದ್ ವರ್ಷ ಆಯ್ತು. ದಿನಾ ಯಾರ್ಯಾರ್ದೋ ಓಟಿಪಿ ಬರುತ್ತೆ, ಯಾರಾದ್ರೂ ಫೋನ್ ಮಾಡಿ ಆಂಟಿ ಇದಾರಾ ಅಂತಾರೆ. ನನಗೆ ಭಯ ಆಗ್ತಿದೆ. ಯಾರ್ರೀ ಆ ಆಂಟಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಇಟ್ಟಳು. ಪರದೆಯ ಮೇಲೆ ಸೆಕೆಂಡು ಸೊನ್ನೆಗೆ ಬಂದಿತ್ತು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಪಾಪ, ನನಗಿಂತ ಅವಳೇ ಹೆಚ್ಚು ಹೆದರಿದ್ದಳು. ಆದರೆ ನಂಬರ್ ಬೇರೆಯವರ ಕೈಗೆ ಹೋಗಿದೆ ಅಂದರೆ ಆಂಟಿ? ಅದನ್ನು ಯೋಚಿಸಲೂ ಧೈರ್ಯ ಸಾಲದೆ ಮರುದಿನ ಬೆಳಿಗ್ಗೆ ಹೊಸಕೆರೆಹಳ್ಳಿಗೆ ಹೋದೆ. ಸೆಂಟರ್ ಇದ್ದ ಜಾಗದಲ್ಲಿ ಜ್ಯೂಸ್ ಅಂಗಡಿ. ಎದುರಿನ ಹೂವಿನ ಅಕ್ಕ ನನ್ನ ಗುರುತು ಹಿಡಿದರು.

"ಆಂಟಿ ಹೋಗ್ಬಿಟ್ರಲ್ಲಮ್ಮ, ಎರಡು ವರ್ಷ ಆಯ್ತು. ನಿನಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ.

ಇನ್ನು ಉಳಿದ ದಾರಿ ಒಂದೇ. ಖುದ್ದಾಗಿ ನರ್ಸುಗಳ ನೋಂದಣಿ ಕಚೇರಿಗೆ ಹೋಗಿ ನಂಬರ್ ಬದಲಾವಣೆಗೆ ಅರ್ಜಿ ಕೊಡುವುದು. ಮೊನ್ನೆ ಕಚೇರಿಯ ಪಕ್ಕದ ಆ ಝೆರಾಕ್ಸ್ ಅಂಗಡಿಯ ಗಾಜಿನ ಮೇಜಿನ ಮೇಲೆ ತುಂಬುತ್ತಿದ್ದದ್ದು ಆ ಅರ್ಜಿಯನ್ನೇ. ಐದನೇ ಸಾಲಿಗೆ ಬಂದು ಪೆನ್ನು ನಿಂತಿತು. ಹಳೆಯ ಮೊಬೈಲ್ ಸಂಖ್ಯೆ ಹೊಂದಿದ್ದವರ ಹೆಸರು. ಪಕ್ಕದಲ್ಲಿ ಕೆಂಪು ಚುಕ್ಕಿ.

ಆಂಟಿಗೆ ನನ್ನ ಹುಟ್ಟಿದ ದಿನ ಗೊತ್ತಿತ್ತು, ಅಪ್ಪನ ಜಾತಿ ಪ್ರಮಾಣಪತ್ರದ ನಂಬರ್ ಗೊತ್ತಿತ್ತು, ಎಡಗೆನ್ನೆಯ ಮೇಲಿನ ಮಚ್ಚೆಯೂ ಗೊತ್ತಿತ್ತು. ಬೀದಿಯ ಎಲ್ಲರನ್ನೂ ಹೆಸರೇನು, ಇನಿಷಿಯಲ್ ಏನು ಅಂತ ಕೇಳಿ ಕೇಳಿ ಬರೆದುಕೊಂಡವರು ಅವರು. ಅವರ ಹೆಸರೇನೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ಹೂವಿನ ಅಕ್ಕನನ್ನು ಕೇಳಬೇಕೆಂದೂ ಹೊಳೆದಿರಲಿಲ್ಲ. ನಾಚಿಕೆಯೂ ಭಯವೂ ಒಟ್ಟಿಗೇ ಆಯಿತು. ಕೌಂಟರ್ ಮುಚ್ಚಲು ಅರ್ಧ ಗಂಟೆ ಇತ್ತು. ಎಡಗೈಯಿಂದ ಬಲ ಮಣಿಕಟ್ಟು ಹಿಡಿದುಕೊಂಡು, ಆಂಟಿ ಎಂದಷ್ಟೇ ಬರೆದು ಒಯ್ದೆ.

ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಆಂಟಿ ಅಂದ್ರೆ? ಹೆಸರು ಬರೀರಿ ಮೇಡಂ."

"ಹೆಸರು ಗೊತ್ತಿಲ್ಲ ಸಾರ್. ತೀರ್ಕೊಂಡ್ರು," ಅಂದೆ. ಬಾಯಿಬಿಟ್ಟು ಹಾಗೆ ಹೇಳಿದ್ದು ಅದೇ ಮೊದಲು. ದುಃಖ ಉಕ್ಕಿಬಂತು.

ಅವರು ನನ್ನ ಮುಖ ನೋಡಿದರು. ನಾನು ಬರೆದದ್ದರ ಮೇಲೆ ಅಡ್ಡಗೆರೆ ಎಳೆದು, ಮೃತರು ಎಂದು ಬರೆದು, ಸೀಲು ಹಾಕಿದರು.

"ಆಯ್ತು ಮೇಡಂ, ನಾಳೆಯಿಂದ ನಿಮ್ ನಂಬರಿಗೇ ಬರುತ್ತೆ."