ಬಿಸಿಯಾಗುವವರೆಗೆ ತಾಳಿದವರು

ಹಳೆಯ ವಾಲ್ವ್ ಆಂಪ್ಲಿಫೈಯರ್‌ಗಳನ್ನು ದುರಸ್ತಿ ಮಾಡುವವರು ನಮ್ಮ ಊರಿನಲ್ಲಿ ಹಿಂದೆಯೂ ಇದ್ದರು, ಮುಂದೆಯೂ ಒಬ್ಬಿಬ್ಬರು ಇರಬಹುದು. ಆದರೆ ಮೊದಲು ಕಿವಿಗೊಟ್ಟು ಆಮೇಲೆ ಕೈಯಿಟ್ಟವರು ನನಗೆ ತಿಳಿದಂತೆ ಒಬ್ಬರೇ. ನಾಲ್ವತ್ತಾರು ವರ್ಷ ಕುಳಿತ ಮೇಜನ್ನು ಬಿಟ್ಟು ಈಗ ವಿಶ್ರಾಂತಿಗೆ ಹೊರಟಿರುವ ನಮ್ಮ ಗುರುಗಳನ್ನು ಗಿರಾಕಿಗಳೆಲ್ಲ ‘ತಾಳ್ರೀ ಸರ್’ ಎಂದೇ ಕರೆಯುತ್ತಾರೆ. ಈ ಅಭಿನಂದನ ಸಂಪುಟಕ್ಕೆ ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿದೆಯೇ ಎಂಬ ಅಳುಕಿನಿಂದ ನಾಲ್ಕು ಸಲ ಬರೆದು ಹರಿದುಹಾಕಿದ್ದೇನೆ. ಇದು ಐದನೆಯದು.

ಆ ಹೆಸರು ಬಂದ ಬಗೆ ಹೀಗೆ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಪೆಟ್ಟಿಗೆಗೆ ಗುರುಗಳು ಒಮ್ಮೆಲೇ ಪೂರ್ತಿ ಕರೆಂಟು ಕೊಟ್ಟವರಲ್ಲ. ನಡುವೆ ಒಂದು ಬಲ್ಬು ಸೇರಿಸಿ, ಅದು ಮಂಕಾಗಿ ಉರಿಯುವಷ್ಟೇ ಕೊಟ್ಟು, ಒಳಗಿನ ಗಾಜಿನ ವಾಲ್ವುಗಳು ಕೆಂಪಡರುವವರೆಗೆ ಕಾಯುತ್ತಿದ್ದರು. ಗಿರಾಕಿ ಬಾಯಿ ತೆರೆದರೆ “ತಾಳ್ರೀ” ಎನ್ನುತ್ತಿದ್ದರು. ಛತ್ರಿ ಅಂಗಡಿಯ ಮಹಡಿಯ ಆ ಕೋಣೆಯಲ್ಲಿ ಮಧ್ಯಾಹ್ನದ ಬೆಳಕು ಪರದೆಯಿಂದ ಸೋಸಿ ಬರುತ್ತಿತ್ತು. ಗಾಜಿನೊಳಗೆ ಕಿತ್ತಳೆ ಬಣ್ಣದ ಎಳೆಯೊಂದು ಎಚ್ಚರಗೊಳ್ಳುತ್ತಿತ್ತು. ಬಿಸಿಯಾದ ಧೂಳು ಮತ್ತು ಮೇಣದ ವಾಸನೆ ಏಳುತ್ತಿತ್ತು. ಆಗ ಬೀದಿಯ ಸದ್ದು ಎಲ್ಲೋ ನೀರಿನಡಿಯಿಂದ ಬಂದಂತೆ ಕೇಳಿಸುತ್ತಿತ್ತು. ಎಷ್ಟು ಹೊತ್ತಾಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಹದಿನೈದು ವರ್ಷಗಳ ಹಿಂದೆ, ಸಂಜೆ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತ, ಹಗಲಿನಲ್ಲಿ ನಾನು ಅವರ ಬಳಿ ಕೆಲಸಕ್ಕೆ ಸೇರಿದೆ. ಸುಧಾರಣೆ ಎಂದರೆ ಹಳೆಯದನ್ನು ಅಳಿಸುವುದಲ್ಲ ಎಂಬುದು ಅಲ್ಲಿಯ ಮೊದಲ ಪಾಠ. ಹೊಸ ಕೆಪಾಸಿಟರನ್ನು ಅವರು ಹಳೆಯದರ ತಗಡಿನ ಕವಚದೊಳಗೇ ಕೂರಿಸುತ್ತಿದ್ದರು. ಶಾಕ್ ಹೊಡೆಯದಂತೆ ಅರ್ತಿಂಗ್ ತಂತಿ ಎಳೆಯುವಾಗಲೂ ಪೆಟ್ಟಿಗೆಗೆ ಹೊಸದೊಂದು ತೂತು ಕೊರೆಯುತ್ತಿರಲಿಲ್ಲ. ತೆಗೆದ ಪ್ರತಿ ಬಿಡಿಭಾಗವನ್ನೂ ಕಾಗದದ ಕವರಿನಲ್ಲಿ ಹಾಕಿ, ಏಕೆ ತೆಗೆದೆವೆಂದು ಚೀಟಿ ಬರೆದು, ಅದೇ ಪೆಟ್ಟಿಗೆಯ ತಳದಲ್ಲಿ ಇಡುತ್ತಿದ್ದರು. “ಮುಂದೆ ಬಿಚ್ಚೋರಿಗೆ ನಾವು ಸುಳ್ಳು ಹೇಳ್ಬಾರ್ದು ಕಣಮ್ಮ” ಎನ್ನುವರು.

ಇನ್ನು, ಹದಿನಾಲ್ಕು ವರ್ಷದಿಂದ ನಾನು ಹೇಳದೆ ಉಳಿಸಿಕೊಂಡ ಸಂಗತಿ.

ಸಂಗೀತ ಶಾಲೆಯ ಮೇಡಂ ತಮ್ಮ ತಂದೆಯವರ ಆಂಪ್ಲಿಫೈಯರನ್ನು ಸ್ಪೀಕರ್ ಸಮೇತ ನಮ್ಮಲ್ಲಿಗೆ ತಂದಿದ್ದರು. ಗುರುಗಳು ಊಟಕ್ಕೆ ಹೋಗಿದ್ದಾಗ ಕೊನೆಯ ಪರೀಕ್ಷೆಗೆ ನಾನು ಕೈಹಾಕಿದೆ. ಫ್ಯೂಸನ್ನು ಮೂರು ಸಲ ನೋಡಿದೆ. ಆದರೂ ಧೈರ್ಯ ಸಾಲದೆ, ನನ್ನಿಂದ ಆ ಹಿರಿಯರ ಸ್ಪೀಕರಿಗೆ ಏನಾದರೂ ಆದೀತೆಂದು ಅದರ ತಂತಿಯನ್ನು ಕಳಚಿಟ್ಟು ಸ್ವಿಚ್ ಹಾಕಿದೆ. ಸಂಜೆ ತರಗತಿಯಲ್ಲಿ ನಾವು ಕಲಿತ ಟ್ರಾನ್ಸಿಸ್ಟರ್ ಸೆಟ್ಟುಗಳಿಗೆ ಅದು ಕ್ಷೇಮ. ವಾಲ್ವಿನದಕ್ಕೆ ಅದೇ ಮೃತ್ಯು: ಶಕ್ತಿ ಹೊರಹೋಗಲು ದಾರಿಯಿಲ್ಲದೆ ಟ್ರಾನ್ಸ್‌ಫಾರ್ಮರಿನ ಸುರುಳಿಯೊಳಗೇ ಕಿಡಿಯಾಗುತ್ತದೆ. ಚಟ್ ಎಂದಿತು; ಸುಟ್ಟ ವಾಸನೆ ಬಂತು. ಅತಿಯಾದ ಎಚ್ಚರಿಕೆಯಿಂದಲೇ ನಾನು ಅದನ್ನು ಕೊಂದಿದ್ದೆ.

ಊಟ ಮುಗಿಸಿ ಬಂದ ಗುರುಗಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಮರುದಿನ ಮೇಡಂ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಗುರುಗಳು, “ಟ್ರಾನ್ಸ್‌ಫಾರ್ಮರ್ ಸುಟ್ಟೋಯ್ತು ಮೇಡಂ. ನನ್ನ ಕೈತಪ್ಪು” ಎಂದರು.

“ಊರಿಗೆಲ್ಲ ತಾಳ್ರೀ ತಾಳ್ರೀ ಅಂತೀರ, ನಿಮಗೇ ತಾಳೋಕಾಗ್ಲಿಲ್ವಾ?” ಎಂದ ಮೇಡಂ ಕಣ್ಣೊರೆಸಿಕೊಂಡು ಮೆಟ್ಟಿಲಿಳಿದರು.

“ನಾನೇ ಹೋಗಿ ಹೇಳ್ಬಿಡ್ತೀನಿ ಸರ್” ಎಂದೆ.

“ಸುಮ್ನಿರಮ್ಮ. ನಂದು ಹಳೇ ಪೆಟ್ಟಿಗೆ, ಇನ್ನೊಂದು ಗೀರು ಬಿದ್ರೆ ಗೊತ್ತಾಗಲ್ಲ. ನಿಂದಿನ್ನೂ ಬಣ್ಣಾನೇ ಒಣಗಿಲ್ಲ.”

ಹತ್ತೊಂಬತ್ತು ದಿನ ಗುರುಗಳು ಆ ಸುರುಳಿಯನ್ನು ಕೈಯಿಂದಲೇ ಸುತ್ತಿದರು. ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿ ನನ್ನ ಬೆರಳುಗಳಿಂದ ಅವರ ಬೆರಳುಗಳಿಗೆ ಹರಿಯುತ್ತಿತ್ತು. ಅವರು ತುಟಿಯಲ್ಲೇ ಸುತ್ತು ಎಣಿಸುತ್ತಿದ್ದರು. ನಾನು ಉಸಿರಾಡಲೂ ಹೆದರುತ್ತಿದ್ದೆ. ಕೆಲವೊಮ್ಮೆ ನಿದ್ದೆಯಲ್ಲಿ ಈಗಲೂ ಆ ತಂತಿ ಹರಿಯುತ್ತದೆ, ತುಂಡಾಗುವುದೇ ಇಲ್ಲ.

ಪೆಟ್ಟಿಗೆ ಮತ್ತೆ ಹಾಡಿತು. ಮೇಡಂ ಬಂದು ಒಯ್ದರು. ಆಮೇಲೆ ಹನ್ನೊಂದು ವರ್ಷ ಅವರ ಶಾಲೆಯ ಒಂದು ಸೆಟ್ಟೂ ನಮ್ಮ ಮೆಟ್ಟಿಲು ಹತ್ತಲಿಲ್ಲ. ಅವರು ಹಾದುಹೋಗುವಾಗ ಗುರುಗಳು ಕಿಟಕಿಯಿಂದ ನೋಡುತ್ತಿದ್ದರು. ಹೇಳಬೇಕೆಂದು ನಾನು ಎಷ್ಟೋ ಸಲ ಶಾಲೆಯ ಗೇಟಿನವರೆಗೆ ಹೋಗಿ ಮರಳಿದ್ದೇನೆ. ಮೂರು ವರ್ಷದ ಹಿಂದೆ ಕೋಪ ಮಾಗಿ ಮೇಡಂ ತಾವಾಗಿ ಬಂದರು. ಇಂದು ಈ ಸಂಪುಟದ ಸಂಪಾದಕಿಯೂ ಅವರೇ.

ಕಳೆದ ತಿಂಗಳು ವಾಲ್ವು ಬದಲಿಸಲು ಅದೇ ಆಂಪ್ಲಿಫೈಯರ್ ಬಂತು. ಗುರುಗಳು ನನಗೆ ಬಿಟ್ಟುಕೊಟ್ಟ ಮೇಜಿನ ಮೇಲೆ ಅದನ್ನು ಬಿಚ್ಚಿದೆ. ತಳದ ಕವರಿನಲ್ಲಿ ಕಪ್ಪಾದ ತಂತಿಯಿತ್ತು, ಜೊತೆಗೆ ಅವರ ದುಂಡನೆಯ ಅಕ್ಷರದ ಚೀಟಿ: ‘ಸ್ಪೀಕರ್ ಇಲ್ಲದೆ ಚಾಲೂ ಮಾಡಿದ್ದರಿಂದ ಸುಟ್ಟಿದೆ. ನನ್ನ ಕೈತಪ್ಪು.’ ಕೆಳಗೆ ಅವರ ಸಹಿ. ನಾಲ್ವತ್ತಾರು ವರ್ಷದ ಸಾವಿರಾರು ಚೀಟಿಗಳಲ್ಲಿ ನಾನು ಬಲ್ಲ ಒಂದೇ ಸುಳ್ಳು ಅದು. ಮುಂದೆ ಬಿಚ್ಚುವವಳು ನಾನೇ ಎಂದು ತಿಳಿದೂ ಬರೆದದ್ದು.

ಅದನ್ನು ಹರಿಯಲು ಮನಸ್ಸು ಬರಲಿಲ್ಲ. ಪಕ್ಕದಲ್ಲಿ ನನ್ನ ಸಹಿಯ ಇನ್ನೊಂದು ಚೀಟಿ ಇಟ್ಟಿದ್ದೇನೆ. ಮೇಡಂ, ಈ ಲೇಖನವನ್ನು ಮೊದಲು ಓದುವವರು ನೀವು. ಆ ಹನ್ನೊಂದು ವರ್ಷದ ಮುನಿಸು ನನಗೆ ಸೇರಬೇಕಾದದ್ದು. ಮೇಜನ್ನು ನಿಜ ಹೇಳದೆ ವಹಿಸಿಕೊಳ್ಳಲಾರೆ. ದಯವಿಟ್ಟು ಈ ಸಾಲುಗಳನ್ನು ತೆಗೆಯಬೇಡಿ.

ಗುರುಗಳು ನೂರು ಕಾಲ ಬಾಳಲಿ, ಅವರ ಕಿವಿ ಕೈಗಳೆರಡೂ ಚುರುಕಾಗಿರಲಿ, ಮನೆಯಲ್ಲಿ ಬಾಕಿಯಿರುವ ಅವರ ಸ್ವಂತದ ಎರಡು ಪೆಟ್ಟಿಗೆಗಳೂ ಹಾಡಲಿ. “ಸುಮ್ನಿರು ಅಂದಿದ್ನಲ್ಲಮ್ಮ” ಎಂದು ನನ್ನನ್ನು ಗದರಲಿಕ್ಕಾದರೂ ಮತ್ತೆ ಮತ್ತೆ ಈ ಮೆಟ್ಟಿಲು ಹತ್ತಿ ಬರಲಿ. ಬಲ್ಬು ಮಂಕಾಗಿ ಉರಿಯುತ್ತಿರುತ್ತದೆ. ಸ್ಪೀಕರಿನ ತಂತಿಯನ್ನೂ ಸಿಕ್ಕಿಸಿರುತ್ತೇನೆ.