ಭಾವ ಹಾಕಿದ ಸ್ಟೀಲ್ ಪ್ರೊಪೆಲ್ಲರ್

ಬಾಸ್ ಬೋಟ್ ಎನ್ನುವ ಆ ಪುಟ್ಟ ಮೋಟರ್ ದೋಣಿ ನನ್ನದು. ಗೋಥೆನ್‌ಬರ್ಗ್‌ನ ಹೊರಗಿನ ಸರೋವರದಲ್ಲಿ ಪೈಕ್ ಮೀನಿಗೆ ಗಾಳ ಹಾಕಲೆಂದು ನಾನೇ ಹುಡುಕಿ ಕೊಂಡದ್ದು, ನಾನೇ ಓಡಿಸುತ್ತಿದ್ದದ್ದು. ಗಂಡನಿಗೆ ನೀರೆಂದರೆ ಅಷ್ಟಕ್ಕಷ್ಟೇ.

ಆ ಬೇಸಿಗೆಯಲ್ಲಿ ಗಂಡನ ಅಣ್ಣ ಸೊಲ್ಲೆಂಟುನಾ ಊರಿನಿಂದ ರಜೆಗೆ ಬಂದಿದ್ದರು. ನಾನು ಆಫೀಸಿಗೆ ಹೋಗಿದ್ದಾಗ ನನ್ನ ಹಳೆಯ ಪ್ರೊಪೆಲ್ಲರ್ ಬಿಚ್ಚಿ ಗುಜರಿಗೆ ಹಾಕಿ, ಹೊಳೆಯುವ ಸ್ಟೀಲಿನದೊಂದನ್ನು ಕೂರಿಸಿದ್ದರು. ಅದೂ ಸಾಲದೆಂದು, ದೋಣಿಯ ಹಿಂಬದಿಗೆ ಬೋಲ್ಟ್ ಹಾಕಿ ಕೂರಿಸಿದ್ದ ಮೋಟರನ್ನು ಒಂದು ತೂತಿನಷ್ಟು ಮೇಲಕ್ಕೇರಿಸಿದ್ದರು.

"ಪಿಚ್ ಜಾಸ್ತಿ ಇರೋದಮ್ಮ. ಗಿಫ್ಟ್ ಅಂದ್ಕೋ. ಹಾರತ್ತೆ ನೋಡು!" ಎಂದರು, ಸಂಜೆ ನಾನು ಬಂದಾಗ.

ಪಿಚ್, ಅಂದರೆ ರೆಕ್ಕೆಯ ಓರೆ, ಹೆಚ್ಚಿದ್ದರೆ ಒಂದೊಂದು ಸುತ್ತಿಗೂ ದೋಣಿ ಹೆಚ್ಚು ದೂರ ಹೋಗಬೇಕು. ನಮ್ಮ ಮೋಟರಿಗೆ ಅದು ಮೀರಿದ ಭಾರ. "ಒಂದ್ಮಾತು ಕೇಳ್ಬಹುದಿತ್ತಲ್ಲ ಭಾವ" ಎಂದೆ. ಗಂಡ ಕಣ್ಣಲ್ಲೇ ನನ್ನ ಬಾಯಿ ಮುಚ್ಚಿಸಿದ.

ಶನಿವಾರ ಮೊದಲು ಒಬ್ಬಳೇ ಹೋಗಿ ನೋಡುತ್ತೇನೆಂದರೂ ಕೇಳದೆ ಭಾವ ನನ್ನ ಮಗಳನ್ನೂ ಹತ್ತಿಸಿಕೊಂಡು ಬಂದು ಪಕ್ಕದಲ್ಲಿ ಕೂತರು. ನಡುನೀರಿಗೆ ಬಂದದ್ದೇ "ಇನ್ನೂ ಕೊಡು" ಎಂದರು. ನಾನು ಕೊಡಲಿಲ್ಲ. ಅವರು ನನ್ನ ಎದುರಿನಿಂದಲೇ ಕೈ ಚಾಚಿ, ವೇಗದ ಹಿಡಿಯಾದ ಥ್ರಾಟಲ್ಲನ್ನು ಪೂರ್ತಿ ತಳ್ಳಿಬಿಟ್ಟರು.

ದೋಣಿಯ ಮೂತಿ ಮೇಲೆದ್ದಿತು. ದೋಣಿ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಮತ್ತೆ ಎಡಕ್ಕೆ, ಪ್ರತಿ ಸಲವೂ ಇನ್ನಷ್ಟು ಜೋರಾಗಿ. "ಸ್ಟಾನ್ನಾ, ಮಮ್ಮಾ!" ನಿಲ್ಲಿಸೆಂದು ಮಗಳು ಸ್ವೀಡಿಷ್‌ನಲ್ಲಿ ಕಿರುಚಿದಳು. ಭಾವನ ಕೈಯನ್ನು ಹೊಡೆದು ಸರಿಸಿ, ಮೆಲ್ಲಗೆ ವೇಗ ಇಳಿಸಿದೆ. ದೋಣಿ ನಿಂತಾಗ, ಅಂಚಿಗೆ ಬಡಿದ ಮಗಳ ತುಟಿಯಿಂದ ರಕ್ತ ಬರುತ್ತಿತ್ತು.

ಭಾವ ನಗುತ್ತಿದ್ದರು. "ಸ್ಪೀಡ್ ಅಂದ್ಮೇಲೆ ಅಲ್ಲಾಡತ್ತೆ ಕಣಮ್ಮ. ನಿಂಗೆ ಸ್ಟೀರಿಂಗ್ ಹಿಡಿಯೋಕೆ ಬರಲ್ಲ ಅಷ್ಟೇ."

ದೋಣಿಯನ್ನು ನೇರ ದಡಕ್ಕೆ ತಂದೆ. "ಇಳೀರಿ" ಎಂದೆ ಆಮೇಲೆ. "ಇನ್ನೊಂದ್ಸಲ ನನ್ನ ಬೋಟಿಗೆ ಕೈ ಹಚ್ಚಿದ್ರೆ ನೆಟ್ಟಗಿರಲ್ಲ ಭಾವ."

ಮನೆಯಲ್ಲಿ ಗಂಡ, "ಅಣ್ಣನ ಹತ್ರ ಹಾಗಾ ಮಾತಾಡೋದು? ಪ್ರೀತಿಯಿಂದ ತಂದಿದ್ದು. ಒಂದು ಸಾರಿ ಹೇಳಿಬಿಡು" ಎಂದ. ಮಗಳ ತುಟಿಗೆ ಐಸ್ ಹಿಡಿದುಕೊಂಡೇ ಕೇಳಿದೆ: "ಇದನ್ನ ನೋಡಿದ್ಯಾ ನೀನು?" ನೋಡಿದ. ಆದರೂ ಸಾರಿ ಹೇಳೆಂದು ಎರಡು ದಿನ ನನ್ನ ಬೆನ್ನು ಬಿಡಲಿಲ್ಲ. ನಾನು ಹೇಳಲಿಲ್ಲ. ಭಾವ ರಜೆ ಮುಗಿಯುವ ಮೊದಲೇ ಮುಖ ಊದಿಸಿಕೊಂಡು ರೈಲು ಹತ್ತಿದರು.

ಸ್ಟೀಲಿನದನ್ನು ಸಿಟ್ಟಿನಿಂದಲೇ ಬಿಚ್ಚಿದೆ. ಬೆರಳ ಗೆಣ್ಣು ತರಚಿತು. ಮೋಟರನ್ನು ಮೊದಲಿನ ತೂತಿಗಿಳಿಸಿ, ಸಡಿಲವಾಗಿದ್ದ ಸ್ಟೀರಿಂಗ್ ಕೇಬಲ್ ಬಿಗಿ ಮಾಡಿದೆ. ಅಂಗಡಿಯಿಂದ ಪಿಚ್ ಕಡಿಮೆಯಿರುವ, ನಾಲ್ಕು ರೆಕ್ಕೆಯ ಪ್ರೊಪೆಲ್ಲರ್ ತಂದೆ. ನಾಲ್ಕು ರೆಕ್ಕೆ ದೋಣಿಯ ಹಿಂಭಾಗವನ್ನು ಗಟ್ಟಿಯಾಗಿ ಹಿಡಿಯುತ್ತದೆ. ವೇಗ ತುಸು ತಗ್ಗಿತು, ನಿಜ. ಆದರೆ ಥ್ರಾಟಲ್ ಪೂರ್ತಿ ಕೊಟ್ಟರೂ ದೋಣಿ ವಾಲಲಿಲ್ಲ.

"ಈಗ ಅಲ್ಲಾಡಲ್ಲ ಪುಟ್ಟಾ, ಬಾ" ಎಂದು ಮಗಳನ್ನು ಕರೆದೆ. ಅವಳು ದೋಣಿಕಟ್ಟೆಯ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. "ನೇಯ್" ಎಂದಳು, ಒಲ್ಲೆನೆಂದು. ಬೇಸಿಗೆ ಮುಗಿಯುವವರೆಗೂ ಬರಲಿಲ್ಲ.

ಭಾವ ಈಗಲೂ ನೆಂಟರ ಮುಂದೆ, ಗಿಫ್ಟ್ ಕೊಟ್ಟರೂ ಉಗಿಸಿಕೊಂಡೆ ಎಂದು ನಗಿಸುತ್ತಾರೆ. ಎಲ್ಲರೂ ನಗುತ್ತಾರೆ. ನನಗಂತೂ ಇವತ್ತಿಗೂ ಮೈ ಉರಿಯುತ್ತದೆ.